ಮೇಲಿನ ಗುಂಡಿ, ಕೆಳಗಿನ ಗುಂಡಿ

ನಮ್ಮ ಕಡೆ 'ನೀರಿಗೆ ಹೋಗೋದು' ಅನ್ನೋದು ಒಂದು ಕೆಲಸದ ಹೆಸರು. ಕಳೆಗೆ ಹೋಗೋದು, ಸೌದೆಗೆ ಹೋಗೋದು, ನೀರಿಗೆ ಹೋಗೋದು. ಕಳೆಗೆ ಹೋದರೆ ಕೂಲಿ ಸಿಗುತ್ತದೆ. ಸೌದೆಗೆ ಹೋದರೆ ಒಲೆ ಉರಿಯುತ್ತದೆ, ಒಂದು ಹೊರೆ ಮಾರಿದರೆ ಉಪ್ಪು ಮೆಣಸಿನಕಾಯಿಗೂ ಆಗುತ್ತದೆ. ನೀರಿಗೆ ಹೋಗುವುದಕ್ಕೆ ಮಾತ್ರ ಕೂಲಿ ಇಲ್ಲ, ರಜ ಇಲ್ಲ, ಹಬ್ಬ ಇಲ್ಲ. ನಮ್ಮ ಅವ್ವಂದಿರ ಆಯುಸ್ಸಿನಲ್ಲಿ ಎಷ್ಟು ವರ್ಷ ಈ ಕೆಲಸಕ್ಕೆ ಹೋಯಿತು ಎಂದು ಲೆಕ್ಕ ಹಾಕಿದವರು ಯಾರೂ ಇಲ್ಲ. ಓದು ಕಲಿತ ನಾವೂ ಹಾಕಲಿಲ್ಲ.

ಶನಿವಾರ ಬೆಳಿಗ್ಗೆ ಗುಂಡ್ಲುಪೇಟೆಯ ರಸ್ತೆಯಲ್ಲಿ ನಿಂತು ನೋಡಿ. ಬೆಂಗಳೂರು, ಮೈಸೂರಿನ ಕಾರುಗಳು ಊಟಿಗೆ, ವಯನಾಡಿಗೆ ಸಾಲಾಗಿ ಹೋಗುತ್ತವೆ. ಬೆನ್ನಿಗೆ ಚೀಲ ಕಟ್ಟಿಕೊಂಡ ಹುಡುಗ ಹುಡುಗಿಯರು ಬೆಟ್ಟ ಹತ್ತಲು ಹೊರಟಿರುತ್ತಾರೆ. ದೂರದೇಶದ ಮರುಭೂಮಿಗಳಲ್ಲಿ, ಬಂಡೆ ಸೀಳಿದ ಕಮರಿಗಳೊಳಗೆ ದಿನಗಟ್ಟಲೆ ನಡೆದು, ಯಾವುದೋ ಸಂದಿಯಲ್ಲಿ ಒಸರುವ ಚಿಲುಮೆಯಿಂದ ನೀರು ಕುಡಿದು ಬಂದು ಅದನ್ನು ಸಾಹಸವೆಂದು ಬರೆಯುವವರೂ ಇದ್ದಾರೆ. ಬರೆಯಲಿ. ನಾವು ಇಲ್ಲಿ ಬರೆಯುತ್ತಿರುವುದೂ ಅಂಥದೇ ಒಂದು ನಡಿಗೆಯನ್ನು. ವ್ಯತ್ಯಾಸ ಒಂದೇ. ಅವರು ನೀರಿರುವ ಮನೆಯಿಂದ ಹೊರಡುತ್ತಾರೆ, ನಾವು ನೀರಿಲ್ಲದ ಮನೆಯಿಂದ ಹೊರಡುತ್ತಿದ್ದೆವು.

ನಮ್ಮೂರಿನ ಹೆಸರು ಬರೆಯುವುದಿಲ್ಲ. ಬರೆದರೆ ಅದು ಒಂದೂರಿನ ಕತೆ ಅಂದುಕೊಂಡು ಉಳಿದ ಊರುಗಳು ನಿರಾಳವಾಗಿಬಿಡುತ್ತವೆ. ಗುಂಡ್ಲುಪೇಟೆಯಿಂದ ಕಾಡಿನ ಕಡೆಗೆ, ಹೊಲ ಮುಗಿದು ಕುರುಚಲು ಶುರುವಾಗುವ ಕಡೆ ಇದೆ ಅಂದರೆ ಸಾಕು.

ಈ ಸೀಮೆಯ ನೀರಿನ ಕತೆಯೇ ವಿಚಿತ್ರ. ನೀಲಗಿರಿ ಬೆಟ್ಟ ಕಣ್ಣಿಗೆ ಕಾಣುತ್ತದೆ. ಆ ಕಡೆ ವಯನಾಡಿನಲ್ಲಿ ಹಿಡಿದ ಮಳೆ ಬಿಡುವುದಿಲ್ಲ. ಘಟ್ಟ ದಾಟಿ ಈ ಕಡೆಗೆ ಬರುವ ಹೊತ್ತಿಗೆ ಮೋಡದ ಹೊಟ್ಟೆ ಖಾಲಿ. ಇದನ್ನು ಮಳೆನೆರಳಿನ ಸೀಮೆ ಅಂತ ಮೇಷ್ಟ್ರು ಪಾಠದಲ್ಲಿ ಹೇಳಿಕೊಟ್ಟರು. ನೆರಳು ಅಂದರೆ ತಂಪು ಅಂದುಕೊಂಡಿದ್ದ ನಮಗೆ ಬಿಸಿಲಿನ ನೆರಳೂ ಒಂದಿದೆ ಎಂದು ಆವತ್ತು ಗೊತ್ತಾಯಿತು. ನೀಲಗಿರಿಯ ನೀರು ದಕ್ಷಿಣದ ಗಡಿಯಲ್ಲಿ ಮೊಯಾರ್ ಹೊಳೆಯಾಗಿ ಸುಮಾರು 20 ಕಿಲೋಮೀಟರ್ ಉದ್ದದ ಆಳವಾದ ಕಮರಿಯೊಳಗೆ ಹರಿದು ತಮಿಳುನಾಡಿನ ಭವಾನಿಗೆ ಸೇರುತ್ತದೆ. ಅದು ನಮಗೆ ನೋಡುವ ನೀರು, ಕುಡಿಯುವ ನೀರಲ್ಲ. ನಮ್ಮದೇ ಅಂತ ಇರುವುದು ಗುಂಡ್ಲು ಹೊಳೆ. ಗೋಪಾಲಸ್ವಾಮಿ ಬೆಟ್ಟದ ಸಾಲಿನಲ್ಲಿ ಹುಟ್ಟಿ ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುತ್ತದೆ. ಅಲ್ಲಿ ಅದಕ್ಕೆ ಕೌಂಡಿನ್ಯ ನದಿ ಎಂದು ಋಷಿಯ ಹೆಸರು. ಋಷಿಯ ಹೆಸರಿಟ್ಟರೂ ಬೇಸಿಗೆಯಲ್ಲಿ ಅದು ಮರಳೇ.

ಅದೇ ಗೋಪಾಲಸ್ವಾಮಿ ಬೆಟ್ಟದ ಮೇಲೆ ತೀರ್ಥಗಳಿವೆ. ಅದರಲ್ಲಿ ಹಂಸತೀರ್ಥ ಅಂತ ಒಂದು. ಕಾಗೆಯೊಂದು ಅದರಲ್ಲಿ ಮುಳುಗಿ ಎದ್ದು ಹಂಸವಾಯಿತಂತೆ, ಅದಕ್ಕೇ ಆ ಬೆಟ್ಟದಲ್ಲಿ ಕಾಗೆಗಳೇ ಇಲ್ಲವಂತೆ. ಚಿಕ್ಕವರಿದ್ದಾಗ ಈ ಕತೆ ಕೇಳಿ ನಮಗೆ ಖುಷಿಯಾಗುತ್ತಿತ್ತು. ದೊಡ್ಡವರಾದ ಮೇಲೆ ಒಂದು ಪ್ರಶ್ನೆ ಹುಟ್ಟಿತು. ನೀರು ಮುಟ್ಟಿದ ಕಾಗೆ ಹಂಸವಾಗುವ ಸೀಮೆಯಲ್ಲಿ, ನಾವು ಮುಟ್ಟಿದ ನೀರು ಯಾಕೆ ಮೈಲಿಗೆಯಾಗುತ್ತದೆ? ಕಾಗೆಯಾದರೂ ಯಾಕೆ ಹಂಸವಾಗಬೇಕು? ಕಾಗೆಯಾಗಿಯೇ ಒಂದು ಗುಟುಕು ನೀರು ಕುಡಿಯಬಾರದೆ?

ನಾವು ಹೇಳಬೇಕೆಂದಿರುವುದು 1986ರ ಬೇಸಿಗೆಯನ್ನು. ಆಗ ಚಾಮರಾಜನಗರ ಜಿಲ್ಲೆ ಇರಲಿಲ್ಲ, ನಾವೆಲ್ಲ ಮೈಸೂರು ಜಿಲ್ಲೆಯವರು. ಜಿಲ್ಲೆ ಆದದ್ದು 1997ರಲ್ಲಿ. ಆ ಹೊತ್ತು ನಾವು ಏಳನೇ ಕ್ಲಾಸು ಮುಗಿಸಿದ್ದ ಹುಡುಗರು. ಮಳೆ ತಪ್ಪಿತ್ತು. ಕೇರಿಯ ಬಾವಿ ಯುಗಾದಿಗೆ ಮುಂಚೆಯೇ ತಳ ಕಂಡಿತ್ತು. ಊರ ಬಾವಿಯಲ್ಲಿ ಸ್ವಲ್ಪ ನೀರಿತ್ತು. ಅದಕ್ಕೆ ನಮ್ಮ ಹಗ್ಗ ಇಳಿಯುವ ಹಾಗಿಲ್ಲ. ನಮ್ಮ ಹೆಂಗಸರು ಬಾವಿ ಕಟ್ಟೆಯಿಂದ ಮಾರು ದೂರದಲ್ಲಿ ಬಿಂದಿಗೆ ಇಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತಿರಬೇಕು. ಊರ ಹೆಂಗಸರಲ್ಲಿ ಯಾರಿಗಾದರೂ ಮನಸ್ಸು ಬಂದರೆ ಒಂದು ಕೊಡ ಸೇದಿ ಹೊಯ್ಯುತ್ತಿದ್ದರು. ಹೊಯ್ಯುವುದೂ ಮೇಲಿಂದ. ಅವರ ಕೊಡ ನಮ್ಮ ಬಿಂದಿಗೆಗೆ ತಾಗಬಾರದು, ನಮ್ಮ ಬಿಂದಿಗೆಗೆ ಬಿದ್ದ ನೀರು ಎಗರಿ ಅವರ ಕಾಲಿಗೆ ಸಿಡಿಯಬಾರದು. ಅರ್ಧ ನೀರು ಬಿಂದಿಗೆಗೆ, ಅರ್ಧ ನೀರು ನೆಲಕ್ಕೆ. ಆ ಚೆಲ್ಲಿದ ನೀರಿನಲ್ಲಿ ಬಾವಿ ಸುತ್ತ ಗರಿಕೆ ಬೆಳೆದು ಹಸುಗಳು ಮೇಯುತ್ತಿದ್ದವು. ಏಪ್ರಿಲ್ ಹೊತ್ತಿಗೆ ಅದೂ ನಿಂತಿತು. "ನಮಗೇ ಇಲ್ಲ, ನಿಮ್ಗೆಲ್ಲಿ ಹೊಯ್ಯನ" ಅಂದರು.

ಅವತ್ತಿನಿಂದ ನಾವು ಹಳ್ಳಕ್ಕೆ ಹೊರಟೆವು.

ಊರಿಗೆ ಸುಮಾರು ಮೂರು ಮೈಲಿ. ಕಾವಲು ದಾಟಿ, ಎರಡು ಗುಡ್ಡಗಳ ನಡುವಿನ ಕೊರಕಲಿಗೆ ಇಳಿಯಬೇಕು. ಎರಡೂ ಕಡೆ ಆಳೆತ್ತರದ ದರೆ, ಕೆಲವು ಕಡೆ ಎರಡಾಳೆತ್ತರ. ಕಾಲಡಿ ಬರಿ ಮರಳು ಮತ್ತು ಉರುಟುಗಲ್ಲು. ಹೊತ್ತು ಹುಟ್ಟಿದ ಮೇಲೆ ಹೋದರೆ ಮರಳು ಅಂಗಾಲು ಸುಡುತ್ತದೆ. ಅದಕ್ಕೇ ಕೋಳಿ ಕೂಗುವ ಮುಂಚೆ ಹೊರಡುವುದು. ಮುಂದೆ ದೊಡ್ಡವ್ವ, ಹಿಂದೆ ಅವ್ವಂದಿರು, ನಡುವೆ ನಾವು ಹುಡುಗರು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಬೋರಲು ಹಾಕಿದ ಬಿಂದಿಗೆ. ದೊಡ್ಡವ್ವನ ಮಡಿಲಲ್ಲಿ ಮಾತ್ರ ಒಂದು ತೆಂಗಿನ ಚಿಪ್ಪು.

ದೊಡ್ಡವ್ವ ಶಾಲೆ ಕಂಡವಳಲ್ಲ. ಆದರೆ ಹಳ್ಳವನ್ನು ಅವಳು ಓದುತ್ತಿದ್ದಳು. ಹೊಳೆಮತ್ತಿ ಮರ ಎಲ್ಲಿ ಹಸಿರಾಗಿ ನಿಂತಿದೆ, ಮರಳಿನ ಬಣ್ಣ ಎಲ್ಲಿ ಒಂದು ಚೂರು ಮಂಕಾಗಿದೆ, ಮುಂಜಾನೆ ಚಿಟ್ಟೆ ಜೇನುನೊಣ ಎಲ್ಲಿ ಕೂರುತ್ತವೆ. "ಆನ ಕಾಲ್ ಮಡಗಿರ ಜಾಗ ನೋಡ್ಕಳಿ ಕೂಸೇ. ಆನ ನಮಗಿಂತ ಮೊದ್ಲೇ ನೀರಿಗ್ ಬಂದು ಹೋಗದ" ಅನ್ನುವಳು. ಆನೆಯೂ ಮರಳನ್ನು ಕಾಲಿನಿಂದ ಕೆದಕಿ ಸೊಂಡಿಲಿಳಿಸಿ ಕುಡಿದು ಹೋಗಿರುತ್ತಿತ್ತು. ಅದರ ಗುಂಡಿಯಲ್ಲಿ ಒಂದು ಬೊಗಸೆ ಕೆಂಪು ನೀರು ಉಳಿದಿರುತ್ತಿತ್ತು.

ಒರತೆ ಎಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಮುಂದಿನ ಜಗಳವೆಲ್ಲ ಇದರ ಮೇಲೆಯೇ ನಿಂತಿದೆ. ಹಳ್ಳದ ಮರಳು ಬರಿ ಮರಳಲ್ಲ, ಅದು ನೀರಿನ ಕಣಜ. ಮಳೆಗಾಲದಲ್ಲಿ ಹರಿದ ನೀರಿನಲ್ಲಿ ಸ್ವಲ್ಪ ಮರಳಿನ ಕಾಳುಗಳ ನಡುವೆ ಇಂಗಿ ಕೆಳಗೆ ನಿಲ್ಲುತ್ತದೆ. ಅಡಿಯಲ್ಲಿ ಹಾಸುಬಂಡೆ ಇರುವುದರಿಂದ ಇನ್ನೂ ಕೆಳಗೆ ಇಳಿಯಲಾರದು. ಮೇಲೆ ಮರಳಿನ ಹೊದಿಕೆ ಇರುವುದರಿಂದ ಬಿಸಿಲು ಅದನ್ನು ಹೀರಲಾರದು. ಹಾಗೆ ನಿಂತ ನೀರು ಸುಮ್ಮನೆ ಇರುವುದಿಲ್ಲ, ಕಣ್ಣಿಗೆ ಕಾಣದ ಹಾಗೆ ಇಳಿಜಾರಿನ ಕಡೆಗೆ ಸರಿಯುತ್ತಿರುತ್ತದೆ. ಎಲ್ಲಿ ಬಂಡೆಯೊಂದು ಹಳ್ಳಕ್ಕೆ ಅಡ್ಡಲಾಗಿ ಮೇಲೆದ್ದಿರುತ್ತದೋ ಅಲ್ಲಿ ಅದರ ಬೆನ್ನಿಗೆ ತಡೆದು ನಿಲ್ಲುತ್ತದೆ. ಆ ಅಡ್ಡಬಂಡೆಯ ಬೆನ್ನಿಗೆ ತೋಡಬೇಕು. ಮೊಳಕೈ ಆಳ ತೋಡಿದರೆ ಮರಳು ತಣ್ಣಗಾಗುತ್ತದೆ. ಸೊಂಟದ ಆಳ ತೋಡಿದರೆ ಗುಂಡಿಯ ಗೋಡೆಯಿಂದ ನೀರು ಬೆವರುತ್ತದೆ. ಆಮೇಲೆ ಕಾಯಬೇಕು. ತಳದಲ್ಲಿ ಒಂದು ಚಿಪ್ಪಿನಷ್ಟು ನೀರು ನಿಲ್ಲುವವರೆಗೆ ಕಾದು, ಕೆಸರೇಳದ ಹಾಗೆ ಚಿಪ್ಪನ್ನು ಓರೆ ಮಾಡಿ ಮೊಗೆದು, ಬಿಂದಿಗೆಯ ಬಾಯಿಗೆ ಕಟ್ಟಿದ ಸೆರಗಿನ ಮೇಲೆ ಹೊಯ್ಯಬೇಕು. ಮತ್ತೆ ಕಾಯಬೇಕು. ಒಂದು ಬಿಂದಿಗೆ ತುಂಬುವುದರೊಳಗೆ ನಾವು ಮಗ್ಗಿಯನ್ನು ಎರಡರಿಂದ ಇಪ್ಪತ್ತರವರೆಗೆ ಎರಡು ಸಲ ಹೇಳಿ ಮುಗಿಸುತ್ತಿದ್ದೆವು. ನಮಗೆ ಮಗ್ಗಿ ಬಾಯಿಪಾಠವಾದದ್ದು ಶಾಲೆಯಲ್ಲಲ್ಲ, ಆ ಗುಂಡಿಯ ದಡದಲ್ಲಿ.

ಹತ್ತು ಹದಿನೈದು ದಿವಸ ಹೀಗೆ ಕಳೆಯಿತು. ಅಷ್ಟರಲ್ಲಿ ಊರ ಬಾವಿಯೂ ಬತ್ತಿತು. ಒಂದು ಮುಂಜಾನೆ ನಾವು ಹಳ್ಳಕ್ಕಿಳಿದಾಗ ಊರ ಹೆಂಗಸರು, ಎತ್ತಿನ ಗಾಡಿ ಮತ್ತು ಡ್ರಮ್ಮಿನ ಸಮೇತ ಇಬ್ಬರು ಗಂಡಸರು ಆಗಲೇ ಬಂದಿದ್ದರು. ನಮ್ಮನ್ನು ನೋಡಿ ಗಂಡಸೊಬ್ಬ ಕೋಲಿನಿಂದ ಮರಳಿನ ಮೇಲೆ ಅಡ್ಡ ಗೆರೆ ಎಳೆದ. "ಇದರಿಂದ ಮ್ಯಾಲಕ್ ನಮ್ದು. ಕೆಳಕ್ ನಿಮ್ದು. ನೀವು ಮುಟ್ಟಿದ್ ನೀರು ನಮ್ ಗುಂಡಿಗ್ ಬರಬಾರ್ದು" ಅಂದ. ನಮ್ಮ ಹೆಂಗಸರು ಮಾತಾಡಲಿಲ್ಲ. ಗುಂಡಿ ತೋಡಿದ್ದವರು ನಾವು, ದಾರಿ ತೋರಿದ್ದು ನಮ್ಮ ಕಾಲುಗಳು. ಆದರೂ ಮಾತಾಡಲಿಲ್ಲ. ಗೆರೆ ಎಳೆಯುವುದು ಅವರಿಗೆ ಎಷ್ಟು ರೂಢಿಯಾಗಿತ್ತೋ ಗೆರೆಯ ಈಚೆಗೆ ಸರಿಯುವುದು ನಮಗೂ ಅಷ್ಟೇ ರೂಢಿಯಾಗಿತ್ತು.

ಅವರು ಮೇಲೆ ಹೋಗಿ ಹೊಸ ಗುಂಡಿ ತೋಡಿದರು. ನಾವು ನಮ್ಮ ಹಳೆಯ ಗುಂಡಿಯಲ್ಲೇ ಉಳಿದೆವು. ಇಲ್ಲಿ ಒಂದು ಸಂಗತಿ ನಡೆಯಿತು. ಮೇಲೆ ಇದ್ದದ್ದೆಲ್ಲ ಶ್ರೇಷ್ಠ, ಕೆಳಗೆ ಇದ್ದದ್ದೆಲ್ಲ ಹೀನ ಎಂದು ಕಲಿತವರು ಹಳ್ಳದಲ್ಲೂ ಹಾಗೆಯೇ ಅಂದುಕೊಂಡರು. ಅಡ್ಡಬಂಡೆ ಇದ್ದದ್ದು ಕೆಳಗೆ. ನೀರು ತಡೆದು ನಿಲ್ಲುತ್ತಿದ್ದದ್ದು ಕೆಳಗೆ. ಜನ ಜಾಸ್ತಿಯಾದಂತೆ ನಾವು ನಮ್ಮ ಗುಂಡಿಯನ್ನು ಆಳ ಮಾಡುತ್ತಾ ಹೋದೆವು. ಕೆಳಗಿನ ಗುಂಡಿ ಆಳವಾದಷ್ಟೂ ಮೇಲಿನ ಮರಳಿನ ನೀರು ಜಾರಿ ಇಲ್ಲಿಗೆ ಬರುತ್ತದೆ. ಮೂರನೇ ದಿನಕ್ಕೆ ಮೇಲಿನ ಗುಂಡಿಯಲ್ಲಿ ಒಣ ಮರಳು. ನಮ್ಮ ಗುಂಡಿಯಲ್ಲಿ ಮೊಣಕಾಲುದ್ದ ನೀರು. ಇದು ಯಾರ ಶಾಪವೂ ಅಲ್ಲ, ಪವಾಡವೂ ಅಲ್ಲ, ನೀರಿನ ಸ್ವಭಾವ. ನೀರು ತಗ್ಗನ್ನು ಹುಡುಕಿಕೊಂಡು ಬರುತ್ತದೆ. ತಗ್ಗಿನಲ್ಲಿರುವವರು ಯಾವ ಜಾತಿ ಎಂದು ಅದು ಕೇಳುವುದಿಲ್ಲ.

ಅವತ್ತು ಊರ ಹೆಂಗಸರು ಖಾಲಿ ಬಿಂದಿಗೆ ಹಿಡಿದು ಗೆರೆ ದಾಟಿ ಕೆಳಗೆ ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅವರೂ ಮೂರು ಮೈಲಿ ನಡೆದವರೇ. ಒಬ್ಬಳು ಹೇಳಿದಳು: "ನೀವು ಒಸಿ ಅತ್ತಗ ಸರೀರವ್ವ. ಗುಂಡಿ ತುಂಬ್ಲಿ. ಮೊದ್ಲು ನಾವು ಮೊಕ್ಕತೀವಿ, ಆಮ್ಯಾಲ ನೀವು ಮೊಕ್ಕಳಿ."

ದೊಡ್ಡವ್ವ ಗುಂಡಿಯೊಳಗೇ ಇದ್ದಳು. ಸೊಂಟದವರೆಗೂ ಮರಳು. ಅವಳು ತಲೆಯೆತ್ತಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ದನಿ ಎತ್ತರಿಸದೆ ಹೇಳಿದಳು: "ನಿಮ್ ಬಾವೀಲಿ ನಾವು ಇಳಿಯಂಗಿಲ್ಲ, ನೀವೇ ಸೇದಿ ಹೊಯ್ತಿದ್ರಿ. ಇದು ನಮ್ ಗುಂಡಿ. ನೀವು ಇಳಿಯದ್ ಬ್ಯಾಡ. ಬಿಂದ್ಗ ತಂದು ಇಲ್ಲಿ ಮಡಗಿ. ನಾವೇ ಮೊಗ್ದು ಹೊಯ್ತೀವಿ."

ಹಳ್ಳದಲ್ಲಿ ಸದ್ದೇ ಇರಲಿಲ್ಲ. ಗಾಡಿಯ ಎತ್ತಿನ ಕೊರಳ ಗೆಜ್ಜೆ ಮಾತ್ರ. ನಮ್ಮ ಅವ್ವಂದಿರೇ ಬೆದರಿ ಒಬ್ಬರ ಮುಖ ಒಬ್ಬರು ನೋಡಿದರು. ಊರ ಹೆಂಗಸರಲ್ಲಿ ಕೆಲವರು ತಿರುಗಿ ನಡೆದೇಬಿಟ್ಟರು. ಗಂಡಸು ಬಾಯಿಗೆ ಬಂದಂಗೆ ಅಂದ. ಆಗ ಒಬ್ಬಳು ಮುದುಕಿ, ಊರಿನವಳೇ, ಮೆಲ್ಲಗೆ ಬಂದು ಬಿಂದಿಗೆಯನ್ನು ಗುಂಡಿಯ ಅಂಚಿಗೆ ಇಟ್ಟಳು. "ಮನೇಲಿ ಬಾಣಂತಿ ಅವಳ ಕನವ್ವ" ಅಂದಳು. ಅಷ್ಟೇ.

ನಾವು ಹುಡುಗರು ಉಸಿರು ಹಿಡಿದು ನೋಡುತ್ತಿದ್ದೆವು. ನಮ್ಮ ಮನಸ್ಸಿನಲ್ಲಿ ಒಂದೇ ಆಸೆ. ದೊಡ್ಡವ್ವ ಈಗ ಎದ್ದು ನಿಂತು ಮೇಲಿಂದ ಹೊಯ್ಯಬೇಕು. ಅವರು ಹೊಯ್ದ ಹಾಗೇ. ಅರ್ಧ ಚೆಲ್ಲಬೇಕು. ಅವರ ಸೀರೆಗೆ ಸಿಡಿಯಬೇಕು.

ದೊಡ್ಡವ್ವ ಹಾಗೆ ಮಾಡಲಿಲ್ಲ. ಬಗ್ಗಿದಳು. ಚಿಪ್ಪಿನ ಅಂಚನ್ನು ಆ ಹಿತ್ತಾಳೆ ಬಿಂದಿಗೆಯ ಬಾಯಿಗೆ ತಾಗಿಸಿ, ಇಷ್ಟಿಷ್ಟೇ, ಒಂದು ತೊಟ್ಟೂ ಹೊರಗೆ ಬೀಳದ ಹಾಗೆ ಹೊಯ್ದಳು. ಬಿಂದಿಗೆ ತುಂಬುವವರೆಗೂ ಆ ಮುದುಕಿ ನಮ್ಮ ದೊಡ್ಡವ್ವನ ಕೈಯನ್ನೇ ನೋಡುತ್ತಾ ಕೂತಿದ್ದಳು.

ವಾಪಸ್ಸು ಬರುವಾಗ ನಾವು ಕೇಳಿದೆವು. "ಯಾಕ್ ದೊಡ್ಡವ್ವ, ಮ್ಯಾಲಿಂದ ಹೊಯ್ಬೇಕಾಗಿತ್ತು. ಅವರಿಗೂ ಗೊತ್ತಾಗ್ತಿತ್ತು." ತಲೆ ಮೇಲಿನ ಬಿಂದಿಗೆ ಅಲುಗದ ಹಾಗೆ ನಡೆಯುತ್ತಲೇ ಅವಳು ಹೇಳಿದ್ದು: "ನೀರ ಚೆಲ್ಲಾಕ್ ಅದ್ದ ಮೊಗ?"

ಆ ಮಾತಿನ ಅರ್ಥ ಅವತ್ತು ನಮಗೆ ಹತ್ತಲಿಲ್ಲ. ಸೋತಳು ಅಂತಲೇ ಅಂದುಕೊಂಡೆವು. ಎಷ್ಟೋ ವರ್ಷದ ಮೇಲೆ ತಿಳಿಯಿತು. ಅವಳು ಎರಡು ಕೆಲಸ ಮಾಡಿದ್ದಳು. ಅವರ ಪಾತ್ರೆಯನ್ನು ಮುಟ್ಟಿದ್ದಳು. ಮುಟ್ಟುವಾಗ ಅವರನ್ನು ಅವಮಾನಿಸಿರಲಿಲ್ಲ. ನಮ್ಮ ಸಿಟ್ಟು ಮೊದಲನೆಯದನ್ನು ಮಾತ್ರ ಕೇಳುತ್ತಿತ್ತು.

ಇದರಿಂದ ಊರು ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಂಜೆಗೆ ಸುದ್ದಿ ಹಬ್ಬಿತು. ಊರಿನವರು ಕೂತು ಮಾತಾಡಿದರು. ಆ ಮುದುಕಿಯ ಮನೆಯವರು ನೀರು ಚೆಲ್ಲಿ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಂಕಿ ತೋರಿಸಬೇಕಾಯಿತು. ಬಾಣಂತಿ ಆ ನೀರು ಕುಡಿದಳೋ ಇಲ್ಲವೋ ನಮಗೆ ಗೊತ್ತಾಗಲೇ ಇಲ್ಲ. ಕೇರಿಗೆ ಕೂಲಿ ನಿಂತಿತು. ಅಂಗಡಿಯಲ್ಲಿ ಸಾಲ ನಿಂತಿತು. ಇಪ್ಪತ್ತೆರಡು ದಿವಸ. ನಮ್ಮ ಅಪ್ಪಂದಿರು ಗುಂಡ್ಲುಪೇಟೆ ಕಡೆಗೆ ಕಲ್ಲು ಒಡೆಯಲು ಹೋದರು. ದಲಿತ ಸಂಘರ್ಷ ಸಮಿತಿಯ ಹುಡುಗರು ಸೈಕಲ್ ತುಳಿದುಕೊಂಡು ಬಂದು ಅರ್ಜಿ ಬರೆದರು. ಕೇರಿಯ ಹೆಬ್ಬೆಟ್ಟುಗಳೆಲ್ಲ ಆ ಕಾಗದದ ಮೇಲೆ ಬಿದ್ದವು. ದೊಡ್ಡವ್ವನದೇ ಮೊದಲ ಹೆಬ್ಬೆಟ್ಟು. ಅರ್ಜಿ ಮೇಜಿನಿಂದ ಮೇಜಿಗೆ ಹೋಗುತ್ತಿರುವಾಗಲೇ ಮುಂಗಾರು ಬಿತ್ತು. ಬಿತ್ತನೆಗೆ ಆಳು ಬೇಕಾಯಿತು. ಕರೆದರು. ಹೋದೆವು. ನ್ಯಾಯ ಬರುವ ಮೊದಲು ಮಳೆ ಬಂತು. ನಮ್ಮ ಸೀಮೆಯ ಎಷ್ಟೋ ಜಗಳಗಳು ಹೀಗೇ ಮುಗಿದಿವೆ.

ಮರುವರ್ಷ ಕೇರಿಗೆ ಬೋರು ಬಂತು. ಅಬ್ದುಲ್ ನಜೀರ್‌ಸಾಬರು ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಕಾಲ ಅದು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ 'ನೀರ್‌ಸಾಬ್' ಆದವರು. 1988ರಲ್ಲಿ ಅವರು ತೀರಿಕೊಂಡಾಗ ನಮ್ಮ ಕೇರಿಯ ಹೆಂಗಸರು, ಅವರ ಮುಖ ಕಂಡವರಲ್ಲದಿದ್ದರೂ, ಕೈಪಂಪಿನ ಹತ್ತಿರ ನಿಂತು ಅತ್ತದ್ದನ್ನು ನಾವು ನೋಡಿದ್ದೇವೆ. ಕೈಪಂಪಿನ ಹಿಡಿಗೆ ಜೋತುಬಿದ್ದು ಅದು ಏಳುವಾಗ ನಾವೂ ಏಳುತ್ತಾ, ಇಳಿಯುವಾಗ ನಾವೂ ಇಳಿಯುತ್ತಾ ನೀರು ತುಂಬಿದೆವು. ಹಳ್ಳದ ದಾರಿ ಮರೆಯಿತು.

ಆದರೆ ಭೂಮಿಯೊಳಗಿನ ನೀರಿಗೂ ಮೇಲು ಕೆಳಗು ಇದೆ ಎಂದು ನಿಧಾನವಾಗಿ ಗೊತ್ತಾಯಿತು. ಇಲ್ಲಿ ಹಳ್ಳದ ಲೆಕ್ಕ ತಿರುಗುಮುರುಗು. ಹಳ್ಳದಲ್ಲಿ ಕೈಯಿಂದ ಆಳ ತೋಡಿದವರಿಗೆ ನೀರು ಸಿಕ್ಕಿತ್ತು. ಇಲ್ಲಿ ದುಡ್ಡಿದ್ದವನು ಆಳ ತೋಡುತ್ತಾನೆ. ಮೋಟಾರು ಬಂದವು. ಅರಿಸಿನ, ಬಾಳೆ, ಈರುಳ್ಳಿಗೆ ಹಗಲೂ ರಾತ್ರಿ ನೀರು ಹರಿಯಿತು. ಇನ್ನೂರು ಅಡಿಯ ನಮ್ಮ ಕೈಪಂಪು ಗಾಳಿ ಕಾರಿತು. ಗುಂಡ್ಲುಪೇಟೆ ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳ ಪಟ್ಟಿಗೆ ಸೇರಿತು. ಈಗ ಕಬಿನಿಯ ನೀರನ್ನು ಆಲಂಬೂರಿನಿಂದ ಎತ್ತಿ ಕೆಲವು ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಕೆರೆ ತುಂಬಿದ ಕಡೆ ಸುತ್ತಲಿನ ಬೋರುಗಳಿಗೆ ಜೀವ ಬಂದಿದೆ. ಇದನ್ನು ಇಲ್ಲ ಎನ್ನುವುದಿಲ್ಲ. ಆದರೆ ಆ ಬೋರುಗಳು ಯಾರ ಹೊಲದಲ್ಲಿವೆ ಎಂದೂ ಕೇಳಬೇಕಾಗುತ್ತದೆ.

ಕೇರಿಗೆ ತೊಂಬೆ ಬಂತು, ನಲ್ಲಿ ಬಂತು. ಎಲ್ಲ ಮುಗಿಯಿತು ಅಂದುಕೊಂಡೆವು. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಿಂದ ಸುದ್ದಿ ಬಂತು. ಮದುವೆಗೆಂದು ಬಂದಿದ್ದ ದಲಿತ ಹೆಂಗಸೊಬ್ಬಳು ಮೇಲ್ಜಾತಿಯವರ ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು. ಕುಡಿದಳೆಂದು ಆ ತೊಂಬೆಯ ನೀರನ್ನೆಲ್ಲ ಹರಿಸಿ ಗೋಮೂತ್ರ ಹಾಕಿ ತೊಳೆದರು. ಆಮೇಲೆ ಅಧಿಕಾರಿಗಳು ಬಂದರು, ದಲಿತರನ್ನು ಕರೆದುಕೊಂಡು ಹೋಗಿ ಊರ ತೊಂಬೆಗಳಲ್ಲಿ ನೀರು ಕುಡಿಸಿದರು, ಕೇಸೂ ಆಯಿತು. ಸುದ್ದಿ ಓದಿದ ಸಂಜೆ ನಮಗೆ ಎರಡು ನೆನಪಾದವು. ಒಂದು, 1927ರ ಮಾರ್ಚ್ 20. ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರೊಡನೆ ನಡೆದು ಹೋಗಿ ಬೊಗಸೆ ನೀರು ಕುಡಿದ ದಿನ. ಅವರು ಹೋದ ಮೇಲೆ ಆ ಕೆರೆಯನ್ನೂ ಸೆಗಣಿ, ಗಂಜಲದಿಂದ ಶುದ್ಧ ಮಾಡಿದ್ದರು. ಆ ಕೆರೆ ಎಲ್ಲರದು ಎಂದು ಹೈಕೋರ್ಟಿನಿಂದ ತೀರ್ಪು ಪಡೆಯಲು 1937ರವರೆಗೆ ಕಾಯಬೇಕಾಯಿತು. ಆಮೇಲೆ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನೇ ಎತ್ತಿ ಬರೆದರು. ಮಹಾಡಿನಿಂದ ಹೆಗ್ಗೋಠಾರಕ್ಕೆ 95 ವರ್ಷ. ನೆನಪಾದ ಎರಡನೆಯದು, ಹುಣಸೆಹಣ್ಣು ಹಾಕಿ ತಿಕ್ಕಿದ ಆ ಹಿತ್ತಾಳೆ ಬಿಂದಿಗೆ.

ಎಲ್ಲ ಕಡೆ ನೀರು ಹೊರುವುದು ಇದೇ ಬಗೆಯಲ್ಲ. ನಮ್ಮ ಜಿಲ್ಲೆಯ ಮಾದಪ್ಪನ ಬೆಟ್ಟದಲ್ಲಿ ದೀಪಾವಳಿ ಹೊತ್ತಿಗೆ ಹಾಲರವೆ ನಡೆಯುತ್ತದೆ. ಬೇಡಗಂಪಣ ಮನೆಗಳ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನ ಹಳ್ಳದಿಂದ ನೀರು ತುಂಬಿ ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ಬರುತ್ತಾರೆ. ಜನ ದಾರಿಯ ಎರಡೂ ಕಡೆ ನಿಂತು ಕೈಮುಗಿಯುತ್ತಾರೆ. ನೋಡಿದರೆ ನಮಗೂ ಕಣ್ಣು ತುಂಬುತ್ತದೆ. ನೀರು ಹೊರುವುದು ದೊಡ್ಡ ಕೆಲಸ ಎಂದು ಈ ನಾಡಿಗೆ ಗೊತ್ತಿಲ್ಲದೆ ಇಲ್ಲ. ಗೊತ್ತಿದೆ. ವರ್ಷಕ್ಕೆ ಒಂದು ದಿನ ಗೊತ್ತಾಗುತ್ತದೆ, ಉಳಿದ ದಿನ ಮರೆತುಹೋಗುತ್ತದೆ.

2023ರಲ್ಲಿ ಮಳೆ ಮತ್ತೆ ಕೈಕೊಟ್ಟಿತು. 2024ರ ಏಪ್ರಿಲ್‌ನಲ್ಲಿ ನಾವು ಕೆಲವರು, ಈಗ ಪೇಟೆಯಲ್ಲಿದ್ದು ಇಪ್ಪತ್ತು ಲೀಟರಿನ ಕ್ಯಾನು ತರಿಸಿಕೊಂಡು ಕುಡಿಯುವವರು, ಊರಿಗೆ ಹೋಗಿದ್ದೆವು. ನಲ್ಲಿಯಲ್ಲಿ ಆರು ದಿನದಿಂದ ನೀರಿರಲಿಲ್ಲ. ಹೈಸ್ಕೂಲು ಓದುವ ಹುಡುಗ ಹುಡುಗಿಯರು ಕೇಳಿದರು: "ನಿಮ್ ಕಾಲ್ದಲ್ಲಿ ಹಳ್ಳದಲ್ಲಿ ನೀರ್ ಸಿಕ್ತಿತ್ತಂತಲ್ಲ, ಎಲ್ಲಿ ತೋರ್ಸಿ." ಮುಂಜಾನೆ ಐದಕ್ಕೆ ಹೊರಟೆವು. ದೊಡ್ಡವ್ವ ಇಲ್ಲ. ಚಿಪ್ಪೂ ಇಲ್ಲ. ಪ್ಲಾಸ್ಟಿಕ್ ಮಗ್ಗು, ಬಾಟ್ಲಿಗಳನ್ನು ಹಿಡಿದಿದ್ದೆವು.

ಕೊರಕಲಿಗೆ ಇಳಿದಾಗ ನಮಗೆ ದಾರಿಯೇ ತಪ್ಪಿದ ಹಾಗಾಯಿತು. ಮರಳಿರಲಿಲ್ಲ. ಹಳ್ಳದ ತಳವನ್ನು ಯಾರೋ ಸೌಟು ಹಾಕಿ ಬಳಿದು ತೆಗೆದ ಹಾಗೆ ಬಂಡೆ, ಗೊಚ್ಚು, ಲಾಂಟಾನ ಪೊದೆ. ದರೆ ಕಡಿದು ಮಾಡಿದ ಟ್ರ್ಯಾಕ್ಟರ್ ದಾರಿ. ಹತ್ತು ಹದಿನೈದು ವರ್ಷ ರಾತ್ರೋರಾತ್ರಿ ಮರಳು ಹೋಗಿದೆ. ಕಣಜವೇ ಹೋದ ಮೇಲೆ ಕಾಳು ಎಲ್ಲಿ ನಿಲ್ಲುತ್ತದೆ? ಮಳೆ ಬಂದರೂ ಅದು ಬಂಡೆಯ ಮೇಲೆ ಜಾರಿ ಹೋಗುತ್ತದೆ.

"ಯಾರ್ ಸಾ ತಕ್ಕೊಂಡೋದವ್ರು?" ಎಂದು ಒಬ್ಬ ಹುಡುಗ ಕೇಳಿದ. ಊರಿನ ಟ್ರ್ಯಾಕ್ಟರಿನವರು ಎನ್ನಲು ಬಾಯಿ ತೆರೆದವರು ಅಲ್ಲೇ ನಿಂತೆವು. ಕೇರಿಯಲ್ಲಿ ನಮಗೆ ಮಂಜೂರಾದ ಮನೆಗಳನ್ನು ಕಟ್ಟಿದಾಗ ಲೋಡು ಮರಳು ಬಂದದ್ದು ಈ ಹಳ್ಳದಿಂದಲೇ. ಅಗ್ಗ ಎಂದು ನಾವೇ ಹೇಳಿ ತರಿಸಿದ್ದೆವು. ತುಂಬಿದವರೂ ನಮ್ಮ ಕೇರಿಯ ಹುಡುಗರೇ, ಲೋಡಿಗಿಷ್ಟು ಎಂದು ಕೂಲಿಗೆ. ಲಾಭ ಹೋದದ್ದು ಬೇರೆಯವರ ಜೇಬಿಗೆ, ನಿಜ. ಆದರೆ ನಮ್ಮ ಅವ್ವಂದಿರ ನೀರಿನ ಕಣಜದ ಒಂದು ಪಾಲು ನಮ್ಮ ಮನೆ ಗೋಡೆಯಲ್ಲಿದೆ. ಇದನ್ನು ಬಚ್ಚಿಟ್ಟು ಬೇರೆಯವರ ಕಡೆ ಬೆರಳು ತೋರಿದರೆ ದೊಡ್ಡವ್ವ ಮೆಚ್ಚುವುದಿಲ್ಲ. ಆ ಹುಡುಗನಿಗೆ ಹಾಗೆಯೇ ಹೇಳಿದೆವು.

ಅಡ್ಡಬಂಡೆ ಮಾತ್ರ ಅಲ್ಲೇ ಇತ್ತು. ಅದನ್ನು ಯಾರೂ ಹೊತ್ತುಕೊಂಡು ಹೋಗಲಾಗಿಲ್ಲ. ಅದರ ಬೆನ್ನಿಗೆ ಒಂದು ಗಾಡಿಯಷ್ಟು ಮರಳು ಉಳಿದಿತ್ತು. ಒಬ್ಬಳು ಹುಡುಗಿ ಕೂತು ಮಗ್ಗಿನಿಂದ ತೋಡಲು ಶುರುಮಾಡಿದಳು. ಮೊಳಕೈ ಆಳಕ್ಕೆ ಮರಳು ತಣ್ಣಗಾಯಿತು. ಸೊಂಟದ ಆಳಕ್ಕೆ ಬಂಡೆಯ ಬಿರುಕಿನಿಂದ ನೀರು ಬೆವರಿತು. ಒಂದು ಲೀಟರಿನ ಬಾಟ್ಲಿ ತುಂಬಲು ಮುಕ್ಕಾಲು ಗಂಟೆ ಹಿಡಿಯಿತು. ಹದಿಮೂರು ಜನ ಒಂದೊಂದು ಗುಟುಕು ಕುಡಿದೆವು. ಆ ಹದಿಮೂರರಲ್ಲಿ ಊರಿನ ಮಕ್ಕಳೂ ನಾಲ್ವರಿದ್ದರು. ಬಾಟ್ಲಿ ಒಂದೇ. ಯಾರೂ ಎತ್ತಿ ಕುಡಿಯಲಿಲ್ಲ, ಕಚ್ಚಿಯೇ ಕುಡಿದರು. ಇದನ್ನು ದೊಡ್ಡ ಕ್ರಾಂತಿ ಎಂದು ನಾವು ಬರೆಯುವುದಿಲ್ಲ. ಮನೆಗೆ ಹೋಗಿ ಆ ನಾಲ್ವರು ಹೇಳಿದರೋ ಇಲ್ಲವೋ ತಿಳಿಯದು. ಆದರೆ ಕುಡಿದದ್ದಂತೂ ನಿಜ.

ಆ ಮಕ್ಕಳೇ ಅಲ್ಲೇ ಬಂಡೆಯ ಮೇಲೆ ಕೂತು ನೋಟ್ ಪುಸ್ತಕದ ಹಾಳೆಯಲ್ಲಿ ಗ್ರಾಮಸಭೆಗೆ ಅರ್ಜಿ ಬರೆದರು. ಅದರಲ್ಲಿ ಮೂರು ಮಾತಿವೆ. ಹಳ್ಳದಲ್ಲಿ ಇನ್ನು ಒಂದು ಪುಟ್ಟಿ ಮರಳನ್ನೂ ತೆಗೆಯಬಾರದು, ನಮ್ಮ ಮನೆಗಾದರೂ ಸರಿ, ಊರಿನ ಗುಡಿಗಾದರೂ ಸರಿ. ಮರಳು ಮತ್ತೆ ನಿಲ್ಲುವ ಹಾಗೆ ಹಳ್ಳಕ್ಕೆ ಅಲ್ಲಲ್ಲಿ ಕಲ್ಲಿನ ತಡೆ ಕಟ್ಟಬೇಕು, ಆ ಕೆಲಸವನ್ನು ಉದ್ಯೋಗಖಾತ್ರಿಯಲ್ಲಿ ಊರು ಕೇರಿ ಎರಡೂ ಸೇರಿ ಮಾಡಬೇಕು. ಇಡೀ ಗ್ರಾಮಕ್ಕೆ ತೊಂಬೆಗಳೆಷ್ಟೇ ಇರಲಿ, ಯಾವ ತೊಂಬೆಗೂ ಬೀದಿಯ ಹೆಸರು, ಜಾತಿಯ ಹೆಸರು ಇರಬಾರದು. ಪ್ರತಿಯೊಂದರ ಮೇಲೂ 'ಇದು ಎಲ್ಲರ ಕುಡಿಯುವ ನೀರು' ಎಂದು ಬಣ್ಣದಲ್ಲಿ ಬರೆಸಬೇಕು.

ಮೂರನೆಯದನ್ನು ಸೇರಿಸಿದವಳು ಆ ಗುಂಡಿ ತೋಡಿದ ಹುಡುಗಿ. ಅವಳು ದೊಡ್ಡವ್ವನ ಮರಿಮಗಳು. ಅರ್ಜಿಯ ಕೆಳಗೆ ಮೊದಲ ಸಹಿಯೂ ಅವಳದೇ. ಹೆಬ್ಬೆಟ್ಟಲ್ಲ, ಸಹಿ.